ಚಿತ್ರದಲ್ಲಿ ಅಚ್ಚ ಬಿಳಿ ಮೋಡ, ಆದರೂ ಮಳೆ ಇಲ್ಲ. ಯಾಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಎರಡು ದಿನವಾದರೂ ಮಳೆ ಹೊಳವಾಗಬೇಕು. ಅದಕ್ಕಾಗಿ ದಿನಾ ಮೊಬೈಲಿನಲ್ಲಿ ಉಪಗ್ರಹದ ಚಿತ್ರ ಮತ್ತು ಗೋವಾ ರೇಡಾರ್ ಚಿತ್ರ ನೋಡುತ್ತೇನೆ. ನಮ್ಮ ಊರಿನ ಮೇಲೆ ಅಚ್ಚ ಬಿಳಿ ಮೋಡ ಕಂಡ ದಿನ ಹನಿಯೂ ಬೀಳುವುದಿಲ್ಲ. ಮಂಕು ಬೂದು ಬಣ್ಣ ಇದ್ದ ದಿನ ಜಡಿಮಳೆ. ರೇಡಾರ್ ಖಾಲಿ ಇದ್ದಾಗಲೂ ಸುರಿಯುತ್ತದೆ. ಈ ಚಿತ್ರಗಳನ್ನು ಹೇಗೆ ನೋಡಬೇಕು? ಇನ್ನೊಂದು ವಿಷಯ. ಮಗಳು ಶಾಲೆಯಿಂದ ನೀಲಿ, ಕೆಂಪು ಪಟ್ಟಿಗಳ ಚಿತ್ರ ತಂದಿದ್ದಾಳೆ. ಭೂಮಿ ಬಿಸಿಯಾಗುತ್ತಿರುವುದನ್ನು ಅದು ತೋರಿಸುತ್ತದಂತೆ. ನಮ್ಮಪ್ಪ ದಿನಾ ಮಳೆ ಅಳೆದು ಬರೆದಿಟ್ಟ ಪುಸ್ತಕಗಳು ಮನೆಯಲ್ಲಿವೆ. ಅವುಗಳಿಂದಲೂ ಅಂಥ ಚಿತ್ರ ಮಾಡಬಹುದಾ?

ಉತ್ತರ: ನೀವು ಗಮನಿಸಿದ್ದು ಸರಿ. ಮಲೆನಾಡಿನ ಮಳೆಗಾಲದಲ್ಲಿ ಹೀಗೇ ಆಗುತ್ತದೆ. ಚಿತ್ರವೂ ಸರಿಯಾಗಿಯೇ ಇದೆ. ಆದರೆ ಅದು ಮಳೆಯನ್ನು ಅಳೆಯುತ್ತಿಲ್ಲ. ಹವಾಮಾನದ ಯಾವುದೇ ಚಿತ್ರ ಎದುರಿಗೆ ಬಂದಾಗ ಮೊದಲು ಕೇಳಬೇಕಾದ್ದು, ಇದು ಏನನ್ನು ಅಳೆದಿದೆ ಎಂದು. ಆಮೇಲೆ ಯಾವಾಗ ಅಳೆದದ್ದು, ಯಾವುದಕ್ಕೆ ಹೋಲಿಸಿದ್ದು ಎಂದು. ಬಣ್ಣ ನೋಡುವುದು ಇವುಗಳ ನಂತರ.

ನಮಗೆ ಸಿಗುವ ಮೋಡದ ಚಿತ್ರಗಳು ಹೆಚ್ಚಾಗಿ ಇನ್ಸಾಟ್-3ಡಿಆರ್ ಮತ್ತು ಇನ್ಸಾಟ್-3ಡಿಎಸ್ ಉಪಗ್ರಹಗಳಿಂದ ಬರುತ್ತವೆ. ಮೊದಲನೆಯದನ್ನು ಇಸ್ರೋ ಹಾರಿಸಿದ್ದು 2016ರಲ್ಲಿ, ಎರಡನೆಯದನ್ನು 2024ರ ಫೆಬ್ರವರಿಯಲ್ಲಿ. ಎರಡೂ ಸಮಭಾಜಕ ರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುತ್ತಿರುತ್ತವೆ. ಹಾಗಾಗಿ ಇಪ್ಪತ್ನಾಲ್ಕು ಗಂಟೆಯೂ ನಮ್ಮ ದೇಶ ಅವುಗಳ ಕಣ್ಣೆದುರೇ ಇರುತ್ತದೆ. ಅವುಗಳ ಕ್ಯಾಮೆರಾ ಆರು ಬಗೆಯ ಕಿರಣಗಳಲ್ಲಿ ಚಿತ್ರ ತೆಗೆಯುತ್ತದೆ. ನೀವು ದಿನಾ ನೋಡುತ್ತಿರುವುದು ಬಹುಶಃ ಇನ್‌ಫ್ರಾರೆಡ್ ಚಿತ್ರ.

ಇನ್‌ಫ್ರಾರೆಡ್ ಚಿತ್ರ ಅಳೆಯುವುದು ಶಾಖವನ್ನು. ಮೋಡದ ತುದಿ ಎಷ್ಟು ತಣ್ಣಗಿದೆ ಅನ್ನುವುದಷ್ಟೇ ಅದಕ್ಕೆ ಗೊತ್ತು. ತಣ್ಣಗಿದ್ದಷ್ಟೂ ಬಿಳಿ, ಬೆಚ್ಚಗಿದ್ದಷ್ಟೂ ಕಪ್ಪು. ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ, ಹಾಗಾಗಿ ಬಿಳಿ ಎಂದರೆ ಎತ್ತರದ ಮೋಡ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಆಗಿನ ಮೋಡ ಮಧ್ಯಾಹ್ನದ ಮೇಲೆ ಗೋಪುರದ ಹಾಗೆ ಎದ್ದು 14, 15 ಕಿ.ಮೀ. ಮುಟ್ಟುತ್ತದೆ. ತುದಿ ಮೈನಸ್ 60, 70 ಡಿಗ್ರಿಗೆ ಇಳಿದಿರುತ್ತದೆ. ಬಿಳಿ ಕಂಡಲ್ಲಿ ಮಳೆ ಇರುವ ಸಾಧ್ಯತೆ ಜಾಸ್ತಿ.

ಜೂನ್ ಬಂತೆಂದರೆ ಕತೆಯೇ ಬೇರೆ. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಅಲ್ಲಿ ಮೋಡ ದಪ್ಪವಾಗಿ ಕಟ್ಟುತ್ತದೆ, ಆದರೆ ಬಹಳ ಎತ್ತರಕ್ಕೆ ಬೆಳೆಯುವುದಿಲ್ಲ. ತುದಿ ಐದಾರು ಕಿ.ಮೀ. ದಾಟದ ದಿನಗಳು ಎಷ್ಟೋ ಇರುತ್ತವೆ. ಮಳೆಗಾಲದಲ್ಲಿ ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಮಟ್ಟ ಇರುವುದೇ ಸುಮಾರು ಐದು ಕಿ.ಮೀ. ಮೇಲೆ. ಅಂದರೆ ಈ ಮೋಡಕ್ಕೆ ಹಿಮದ ಹರಳಿನ ಸಹಾಯವೇ ಬೇಡ. ಸಣ್ಣ ಹನಿಗಳು ಒಂದಕ್ಕೊಂದು ತಾಗಿ, ಕೂಡಿ, ದೊಡ್ಡದಾಗಿ ಬೀಳುತ್ತವೆ. ಕೆಳಗೆ ಹಳ್ಳ ತುಂಬಿ ಹರಿಯುತ್ತಿದ್ದರೂ ಉಪಗ್ರಹಕ್ಕೆ ಕಾಣುವುದು ಬೆಚ್ಚಗಿನ ತುದಿಯ ಬೂದು ಮೋಡ. ಆಗುಂಬೆ ನಿಮ್ಮ ತಾಲ್ಲೂಕಿನಲ್ಲೇ ಇದೆಯಲ್ಲ, ಅಲ್ಲಿ ಸುರಿಯುವ ಮಳೆಯಲ್ಲೂ ಇಂಥ ಗಿಡ್ಡ ಮೋಡಗಳದ್ದು ದೊಡ್ಡ ಪಾಲು. ಇನ್‌ಫ್ರಾರೆಡ್ ಚಿತ್ರವನ್ನೇ ನಂಬಿ ಮಳೆ ಅಂದಾಜು ಮಾಡಿದರೆ ಪಶ್ಚಿಮ ಘಟ್ಟದ ಲೆಕ್ಕ ಕಡಿಮೆ ಬರುತ್ತದೆ. ಇದು ಹವಾಮಾನ ವಿಜ್ಞಾನಿಗಳಿಗೆ ಬಹಳ ಹಿಂದಿನಿಂದ ಗೊತ್ತಿರುವ ತೊಡಕು.

ಹಾಗಾದರೆ ಮಳೆ ತರದ ಆ ಅಚ್ಚ ಬಿಳಿ ಯಾವುದು? ಅದು ತುಂಬಾ ಎತ್ತರದ, ತೆಳ್ಳಗಿನ ಹಿಮದ ಮೋಡ. ಎಷ್ಟೋ ಸಲ ಅದು ನಿಮ್ಮ ಊರಿನದೇ ಅಲ್ಲ. ಮಳೆಗಾಲದಲ್ಲಿ ಕೆಳಗಿನ ಗಾಳಿ ಪಶ್ಚಿಮದಿಂದ ಬೀಸಿದರೆ, ಸುಮಾರು 15 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಜೋರು ಗಾಳಿ ಬೀಸುತ್ತಿರುತ್ತದೆ. ಇದನ್ನು ಉಷ್ಣವಲಯದ ಪೂರ್ವ ಜೆಟ್ ಎನ್ನುತ್ತಾರೆ. 1950ರ ದಶಕದಲ್ಲಿ ಇದನ್ನು ಗುರುತಿಸಿ ವಿವರಿಸಿದವರು ನಮ್ಮ ದೇಶದವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಬಂಗಾಳ ಕೊಲ್ಲಿಯಲ್ಲಿ ಎದ್ದ ದೊಡ್ಡ ಮೋಡಗಳ ತಲೆಯನ್ನು ಈ ಗಾಳಿ ಎಳೆದು ದಕ್ಷಿಣ ಭಾರತದ ಮೇಲೆ ಹರಡಿಬಿಡುತ್ತದೆ. ತುದಿ ಬಹಳ ತಣ್ಣಗಿರುವುದರಿಂದ ಚಿತ್ರದಲ್ಲಿ ಹೊಳೆಯುತ್ತದೆ, ಕೆಳಗೆ ಮಳೆ ಇರುವುದಿಲ್ಲ. ಜುಲೈ ತಿಂಗಳ ಒಂದು ದಿನ, ಆರು ಗಂಟೆಗಳ ಅವಧಿಯ ಚಿತ್ರಗಳನ್ನು ಒಂದರ ಹಿಂದೆ ಒಂದು ಓಡಿಸಿ ನೋಡಿ. ಬೂದು ಮೋಡಗಳು ಸಮುದ್ರದಿಂದ ಘಟ್ಟದ ಕಡೆಗೆ, ಅವುಗಳ ಮೇಲೆ ಬಿಳಿ ಮೋಡಗಳು ಘಟ್ಟದಿಂದ ಸಮುದ್ರದ ಕಡೆಗೆ ಸಾಗುವುದು ಒಂದೇ ಚಿತ್ರದಲ್ಲಿ ಕಾಣುತ್ತದೆ. ಉಪಗ್ರಹ ಚಿತ್ರಗಳಲ್ಲಿ ನನಗೆ ತುಂಬಾ ಇಷ್ಟವಾದ ನೋಟ ಇದು.

ಇವೆರಡನ್ನೂ ಬೇರ್ಪಡಿಸಲು ಸುಲಭದ ದಾರಿ ಇದೆ. ಇನ್‌ಫ್ರಾರೆಡ್ ಪಕ್ಕದಲ್ಲೇ ‘ವಿಸಿಬಲ್’ ಎಂಬ ಚಿತ್ರ ಇರುತ್ತದೆ. ಅದು ಬಿಸಿಲು ಎಷ್ಟು ಪ್ರತಿಫಲಿಸಿತು ಎಂದು ಅಳೆಯುತ್ತದೆ, ಅಂದರೆ ಮೋಡದ ದಪ್ಪ ಹೇಳುತ್ತದೆ. ಎರಡರಲ್ಲೂ ಬಿಳಿ ಇದ್ದರೆ ಎತ್ತರದ, ದಪ್ಪ ಮೋಡ, ಗುಡುಗು ಮಳೆ. ಇನ್‌ಫ್ರಾರೆಡ್‌ನಲ್ಲಿ ಬಿಳಿ, ವಿಸಿಬಲ್‌ನಲ್ಲಿ ನೆಲ ಕಾಣುವಷ್ಟು ತೆಳು ಎಂದರೆ ಸುಮ್ನೆ ಹಾದುಹೋಗುವ ಹಿಮದ ಮೋಡ. ಇನ್‌ಫ್ರಾರೆಡ್‌ನಲ್ಲಿ ಬೂದು, ವಿಸಿಬಲ್‌ನಲ್ಲಿ ಹೊಳೆಯುವ ಬಿಳಿ ಇದ್ದರೆ ನಿಮ್ಮ ಜಡಿಮಳೆಯ ಮೋಡ ಅದೇ. ಆ ದಿನ ಔಷಧಿ ಕಲಸಬೇಡಿ. ರಾತ್ರಿ ವಿಸಿಬಲ್ ಚಿತ್ರ ಕಪ್ಪಾಗಿರುತ್ತದೆ, ಬೆಳಿಗ್ಗೆ ಎಂಟರ ನಂತರ ನೋಡಿದರೆ ಒಳ್ಳೆಯದು. ಬಣ್ಣ ತುಂಬಿದ ಇನ್‌ಫ್ರಾರೆಡ್ ಚಿತ್ರಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಕೆಲವು ಕಡೆ ತೀರಾ ತಣ್ಣಗಿನ ತುದಿಗೆ ಕೆಂಪು ಬಳಿದಿರುತ್ತಾರೆ. ಅದನ್ನು ‘ಭಾರಿ ಮಳೆ’ ಎಂದು ಹಂಚಿಕೊಳ್ಳುವವರು ಬಹಳ ಜನ.

ಇನ್ನು ರೇಡಾರ್. ಉಪಗ್ರಹ ಮೋಡದ ತಲೆ ನೋಡಿದರೆ, ರೇಡಾರ್ ಮೋಡದ ಹೊಟ್ಟೆಯೊಳಗಿನ ಹನಿಗಳನ್ನೇ ಹುಡುಕುತ್ತದೆ. ಸೂಕ್ಷ್ಮ ತರಂಗ ಕಳಿಸಿ, ಹನಿಗಳಿಗೆ ತಾಗಿ ಮರಳಿದ್ದನ್ನು ಅಳೆಯುತ್ತದೆ. ಹಾಗಾಗಿ ಮಳೆಗೆ ರೇಡಾರೇ ಮೇಲು ಅನ್ನಿಸಬೇಕು, ಅಲ್ವಾ? ಹತ್ತಿರ ಇದ್ದವರಿಗೆ ಹೌದು. ಪಣಜಿಯಿಂದ ತೀರ್ಥಹಳ್ಳಿಗೆ ನೇರ ದೂರ ಸುಮಾರು 250 ಕಿ.ಮೀ. ರೇಡಾರ್ ಕಿರಣ ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ, ಸ್ವಲ್ಪ ಮೇಲ್ಮುಖವಾಗಿ. ಭೂಮಿ ಗುಂಡಗಿರುವುದರಿಂದ ನೆಲ ಕೆಳಗೆ ಬಾಗುತ್ತಾ ಹೋಗುತ್ತದೆ. ಅರ್ಧ ಡಿಗ್ರಿ ಮೇಲಕ್ಕೆ ಬಿಟ್ಟ ಕಿರಣ 250 ಕಿ.ಮೀ. ಸಾಗುವ ಹೊತ್ತಿಗೆ ನೆಲದಿಂದ ಸುಮಾರು ಆರು ಕಿ.ಮೀ. ಮೇಲಿರುತ್ತದೆ. ನಿಮ್ಮ ಮಳೆ ಮೋಡದ ತುದಿ ಎಷ್ಟಿತ್ತು? ಐದಾರು ಕಿ.ಮೀ. ಕಿರಣ ಅದರ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಸಾಲದ್ದಕ್ಕೆ ದಾರಿಯಲ್ಲಿ ಘಟ್ಟದ ಸಾಲು ಅಡ್ಡ. ರೇಡಾರ್ ಚಿತ್ರದಲ್ಲಿ ಖಾಲಿ ಜಾಗ ಕಂಡರೆ ‘ಮಳೆ ಇಲ್ಲ’ ಎಂದೂ ಇರಬಹುದು, ‘ಇಲ್ಲಿಗೆ ನನ್ನ ಕಣ್ಣು ಎಟುಕದು’ ಎಂದೂ ಇರಬಹುದು. ನೂರು ಕಿ.ಮೀ. ಒಳಗಿನ ಊರುಗಳಿಗೆ ಮಾತ್ರ ಅದನ್ನು ಪೂರ್ತಿ ನೆಚ್ಚಿಕೊಳ್ಳಿ.

ಹನಿಯ ಗಾತ್ರದ್ದೂ ಒಂದು ಸಂಗತಿ ಇದೆ. ರೇಡಾರ್‌ಗೆ ಮರಳುವ ಶಕ್ತಿ ಹನಿಯ ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಹನಿ ಎರಡರಷ್ಟು ದಪ್ಪವಾದರೆ ಮರಳುವ ಶಕ್ತಿ 64 ಪಟ್ಟು. ಬಯಲುಸೀಮೆಯ ಗುಡುಗು ಮಳೆಯ ದಪ್ಪ ಹನಿಗಳು ರೇಡಾರ್‌ನಲ್ಲಿ ಕೆಂಪಾಗಿ ಕಾಣುವುದು ಇದಕ್ಕೇ. ಮಲೆನಾಡಿನ ಸಣ್ಣ ಹನಿಯ, ಬಿಡದೆ ಸುರಿಯುವ ಮಳೆ ಅಷ್ಟೇ ನೀರು ತಂದರೂ ಹಸಿರು, ಹಳದಿಯಲ್ಲೇ ಉಳಿಯಬಹುದು. ಪಕ್ಕದಲ್ಲಿ ಕಾಣುವ ಡಿಬಿಝೆಡ್ ಅಂಕಿ ಈ ಮರಳಿದ ಶಕ್ತಿಯದು, ಮಿಲಿಮೀಟರ್ ಅಲ್ಲ. ಹತ್ತು ಅಂಕಿ ಏರಿದರೆ ಶಕ್ತಿ ಹತ್ತು ಪಟ್ಟು.

ಹಾಗಾದರೆ ನೀವು ಏನು ನೋಡಬೇಕು? ಮಲೆನಾಡಿನ ಮಳೆಗಾಲಕ್ಕೆ ಮೋಡದ ಚಿತ್ರಕ್ಕಿಂತ ಗಾಳಿಯ ಚಿತ್ರ ಹೆಚ್ಚು ಉಪಯೋಗಿ ಎನ್ನುವುದು ನನ್ನ ಅಭಿಪ್ರಾಯ. ಮಳೆ ಆಗುವುದು ಗಾಳಿ ಘಟ್ಟಕ್ಕೆ ಬಡಿಯುವುದರಿಂದ. ಎಷ್ಟು ಜೋರಾಗಿ, ಎಷ್ಟು ನೇರವಾಗಿ ಬಡಿಯುತ್ತಿದೆ ಎಂದು ತಿಳಿದರೆ ಮುಕ್ಕಾಲು ಉತ್ತರ ಸಿಕ್ಕಂತೆ. ‘ಅರ್ಥ್ ನಲ್‌ಸ್ಕೂಲ್’ ಎಂಬ ಜಾಲತಾಣ ಇದೆ, ಕ್ಯಾಮೆರಾನ್ ಬೆಕಾರಿಯೊ ಎಂಬವರು 2013ರಲ್ಲಿ ಮಾಡಿದ್ದು. ‘ವಿಂಡಿ’ ಕೂಡ ಅದೇ ಬಗೆಯದು. ಗಾಳಿ ಸಣ್ಣ ಗೆರೆಗಳಾಗಿ ಹರಿಯುವುದನ್ನು ಇವು ತೋರಿಸುತ್ತವೆ. ತೆರೆದ ಕೂಡಲೇ ನೆಲಮಟ್ಟದ ಗಾಳಿ ಬರುತ್ತದೆ. ಅದನ್ನು ಬಿಟ್ಟು 850 ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಎಂಬ ಮಟ್ಟ ಆರಿಸಿ. ಅದು ಸುಮಾರು ಒಂದೂವರೆ ಕಿ.ಮೀ. ಎತ್ತರ.

ಆಗ ಕಾಣುವ ನೋಟ ಬೆರಗು ಹುಟ್ಟಿಸುತ್ತದೆ. ಮಡಗಾಸ್ಕರ್ ಕಡೆಯಿಂದ ಹೊರಟ ಗಾಳಿ ಕೀನ್ಯಾ ಕರಾವಳಿಯಲ್ಲಿ ಸಮಭಾಜಕ ರೇಖೆ ದಾಟುತ್ತದೆ. ಸೊಮಾಲಿಯಾದ ಪಕ್ಕದಲ್ಲಿ ಬಲಕ್ಕೆ ತಿರುಗುತ್ತದೆ. ಅಲ್ಲಿಂದ ಇಡೀ ಅರಬ್ಬಿ ಸಮುದ್ರ ದಾಟಿ ಬಂದು ನಮ್ಮ ಘಟ್ಟಕ್ಕೆ ಬಡಿಯುತ್ತದೆ. ಇದೇ ಸೊಮಾಲಿ ಜೆಟ್. 1969ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ ಹವಾಮಾನ ವಿಜ್ಞಾನಿ ಫಿಂಡ್ಲೇಟರ್ ಅವರ ಹೆಸರಿನಿಂದಲೂ ಕರೆಯುತ್ತಾರೆ. ಮುಂಗಾರು ಬಲವಾಗಿದ್ದಾಗ ಸಮುದ್ರದ ಮೇಲೆ ಇದರ ವೇಗ ಗಂಟೆಗೆ 50 ಕಿ.ಮೀ. ದಾಟುತ್ತದೆ. ನಿಮ್ಮ ಕರಾವಳಿಗೆ ಈ ಗೆರೆಗಳು ನೇರ ಪಶ್ಚಿಮದಿಂದ, ಜೋರಾಗಿ ಬರುತ್ತಿದ್ದರೆ ಹೊಳವಿನ ಆಸೆ ಬಿಡಿ. ಬಂಗಾಳ ಕೊಲ್ಲಿಯ ಉತ್ತರದಲ್ಲಿ ಒಂದು ಸುಳಿ ಕಾಣುತ್ತಿದ್ದರೆ ಅದು ಈ ಗಾಳಿಯನ್ನು ಇನ್ನಷ್ಟು ಸೆಳೆಯುತ್ತದೆ. ಗೆರೆಗಳು ತೆಳ್ಳಗಾಗಿ, ವಾಯವ್ಯದಿಂದ ಕರಾವಳಿಗೆ ಸಮಾನಾಂತರವಾಗಿ ಇಳಿಯುತ್ತಿದ್ದರೆ, ಉತ್ತರದಲ್ಲಿ ಮಳೆ ಹಿಮಾಲಯದ ತಪ್ಪಲಿಗೆ ಸರಿದಿದ್ದರೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರಿಗೆ ಹೇಳಿಕಳಿಸಬಹುದು.

ಇಲ್ಲೊಂದು ಎಚ್ಚರಿಕೆ ಬೇಕು. ಉಪಗ್ರಹ, ರೇಡಾರ್ ಚಿತ್ರಗಳು ಆದದ್ದನ್ನು ಅಳೆದವು. ಈ ಹರಿಯುವ ಗಾಳಿ ಕಂಪ್ಯೂಟರ್ ಮಾಡಿದ ಲೆಕ್ಕ. ಇಂದಿನದ್ದು, ನಾಳೆಯದ್ದು ಚೆನ್ನಾಗಿ ಹೊಂದುತ್ತದೆ. ಎಂಟು, ಹತ್ತು ದಿನ ಮುಂದಿನದೂ ಅಷ್ಟೇ ಚಂದವಾಗಿ, ಅಷ್ಟೇ ಖಚಿತವಾಗಿ ಹರಿಯುತ್ತಿರುತ್ತದೆ, ಆದರೆ ಅದರ ಮೇಲೆ ಅಷ್ಟು ಭರವಸೆ ಇಡುವಂತಿಲ್ಲ. ಔಷಧಿ ಹೊಡೆಯಲು ಮೂರು ದಿನದ ಒಳಗಿನದನ್ನು ನೋಡಿ. ಜೊತೆಗೆ ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆ ಹೊಂದುತ್ತದಾ ಎಂದೂ ನೋಡಿ.

ಗಾಳಿಯ ಚಿತ್ರದ ಮಾತು ಬಂದಾಗ ಒಂದು ಹಳೆಯ ನಕ್ಷೆ ನೆನಪಾಗುತ್ತದೆ. ಧೂಮಕೇತುವಿನಿಂದ ನಮಗೆಲ್ಲ ಗೊತ್ತಿರುವ ಎಡ್ಮಂಡ್ ಹ್ಯಾಲಿ 1686ರಲ್ಲಿ ಸಮುದ್ರದ ಗಾಳಿಗಳ ನಕ್ಷೆ ಪ್ರಕಟಿಸಿದರು. ಅದರಲ್ಲಿ ಬಾಣದ ಗುರುತಿಲ್ಲ. ಪುಟ್ಟ ಪುಟ್ಟ ಗೀಟುಗಳಿವೆ, ಚೂಪಾದ ತುದಿ ಗಾಳಿ ಬರುವ ದಿಕ್ಕನ್ನು ತೋರಿಸುತ್ತದೆ. ಮುಂಗಾರು, ಹಿಂಗಾರಿನಂತೆ ಗಾಳಿ ದಿಕ್ಕು ಬದಲಿಸುವ ಸಮುದ್ರಗಳಲ್ಲಿ ಗೀಟಿನ ಸಾಲುಗಳನ್ನು ಒಂದು ಆ ಕಡೆಗೆ, ಒಂದು ಈ ಕಡೆಗೆ ಎಳೆದಿದ್ದಾರೆ. ಹಾಗಾಗಿ ಅರಬ್ಬಿ ಸಮುದ್ರ ಅವರ ನಕ್ಷೆಯಲ್ಲಿ ಬೇರೆ ಕಡೆಗಿಂತ ದಟ್ಟವಾಗಿ ಕಾಣುತ್ತದೆ. ಒಂದೇ ಹಾಳೆಯಲ್ಲಿ ಎರಡು ಕಾಲವನ್ನು ತೋರಿಸಿದ ಆ ಜಾಣ್ಮೆಗೆ ನಾನು ತಲೆಬಾಗುತ್ತೇನೆ.

ಸಮಯದ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಚಿತ್ರದ ಮೂಲೆಯಲ್ಲಿ ‘ಯುಟಿಸಿ’ ಅಥವಾ ‘ಝಡ್’ ಎಂದಿದ್ದರೆ ಅದು ಅಂತರರಾಷ್ಟ್ರೀಯ ಸಮಯ, ನಮ್ಮ ಸಮಯಕ್ಕೆ ಐದೂವರೆ ಗಂಟೆ ಸೇರಿಸಿ. 0300 ಎಂದಿದ್ದರೆ ನಮ್ಮ ಬೆಳಿಗ್ಗೆ 8.30. ಅದೇ 8.30 ಮಳೆಯ ಲೆಕ್ಕದಲ್ಲೂ ಮುಖ್ಯ. ಇಲಾಖೆಯ ಒಂದು ದಿನದ ಮಳೆ ಎಂದರೆ ಹಿಂದಿನ ದಿನ ಬೆಳಿಗ್ಗೆ 8.30ರಿಂದ ಈ ದಿನ ಬೆಳಿಗ್ಗೆ 8.30ರ ತನಕದ್ದು. ಮಂಗಳವಾರ ಸಂಜೆ ಸುರಿದ ಮಳೆ ಬುಧವಾರದ ಪಟ್ಟಿಯಲ್ಲಿ ಇರುತ್ತದೆ. ‘ನಮ್ಮೂರಲ್ಲಿ ಬುಧವಾರ ಬಿಸಿಲು ಇತ್ತಲ್ಲ’ ಎಂಬ ಜಗಳ ಇಲ್ಲಿಂದ ಹುಟ್ಟುತ್ತದೆ.

ಜಿಲ್ಲಾವಾರು ಮಳೆ ನಕ್ಷೆಯನ್ನು ಪತ್ರಿಕೆಯಲ್ಲಿ ನೋಡಿರುತ್ತೀರಿ. ಹವಾಮಾನ ಇಲಾಖೆಯ ನಕ್ಷೆಯಲ್ಲಿ ಹಸಿರು ಎಂದರೆ ವಾಡಿಕೆ ಮಳೆ, ಅಂದರೆ ಸರಾಸರಿಗಿಂತ 19 ಶೇಕಡಾ ಆಚೀಚೆ. ಕೆಂಪು ಎಂದರೆ 20ರಿಂದ 59 ಶೇಕಡಾ ಕೊರತೆ. ಹಳದಿ ಎಂದರೆ 60 ಶೇಕಡಾ ಮತ್ತು ಅದಕ್ಕೂ ಜಾಸ್ತಿ ಕೊರತೆ. ಹೌದು, ಈ ನಕ್ಷೆಯಲ್ಲಿ ಕೆಂಪಿಗಿಂತ ಹಳದಿ ಕೆಟ್ಟದ್ದು. ಅದೇ ಇಲಾಖೆಯ ಎಚ್ಚರಿಕೆಗಳಲ್ಲಿ ಹಳದಿ, ಕಿತ್ತಳೆ, ಕೆಂಪು ಎಂದು ಏರುತ್ತದೆ. ಎರಡು ನಕ್ಷೆಗೆ ಎರಡು ಭಾಷೆ. ಇದನ್ನು ಬದಲಿಸಿದರೆ ಒಳ್ಳೆಯದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ, ಅಲ್ಲಿಯ ತನಕ ಪಕ್ಕದ ಬಣ್ಣದ ಪಟ್ಟಿ ಓದದೆ ಏನನ್ನೂ ತೀರ್ಮಾನಿಸಬೇಡಿ. ಇನ್ನೊಂದು ಮಾತು, ಜಿಲ್ಲೆಗೆ ಒಂದೇ ಬಣ್ಣ ಹಚ್ಚಿದರೆ ನಿಮ್ಮಂಥವರಿಗೆ ಹೆಚ್ಚು ತಿಳಿಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ಅಲ್ಲಿಂದ ನೇರ ಸುಮಾರು 70 ಕಿ.ಮೀ. ದೂರದ ಶಿವಮೊಗ್ಗ ನಗರದಲ್ಲಿ 1,000ಕ್ಕೂ ಕಡಿಮೆ. ಎರಡೂ ಒಂದೇ ಜಿಲ್ಲೆ, ಒಂದೇ ಬಣ್ಣ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ತಾನೇ ಮಳೆ ಅಳೆದು ಕಳಿಸುವ ಮಾಪಕಗಳನ್ನು ಹಾಕಿದೆ. ಅವರ ಹೋಬಳಿ ಮಟ್ಟದ ನಕ್ಷೆ ನೋಡಿ, ಅದರಲ್ಲಿ ನಿಮ್ಮ ಊರು ಸಿಗುತ್ತದೆ.

ಈಗ ಮಗಳ ಪಟ್ಟಿಗಳಿಗೆ ಬರೋಣ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ 2018ರಲ್ಲಿ ಇದನ್ನು ಮಾಡಿದರು. ಒಂದು ಪಟ್ಟಿಗೆ ಒಂದು ವರ್ಷ. ಸರಾಸರಿಗಿಂತ ತಂಪಾದ ವರ್ಷ ನೀಲಿ, ಬಿಸಿಯಾದ ವರ್ಷ ಕೆಂಪು, ಹೆಚ್ಚಿದಷ್ಟೂ ಬಣ್ಣ ಗಾಢ. ಅಂಕಿ ಇಲ್ಲ, ಅಕ್ಷರ ಇಲ್ಲ. ಎಡದಿಂದ ಬಲಕ್ಕೆ ನೀಲಿ ಕರಗಿ ಕೆಂಪಾಗುವುದು ಸಣ್ಣ ಮಗುವಿಗೂ ಕಾಣುತ್ತದೆ. ಅವರೇ 2016ರಲ್ಲಿ ಮಾಡಿದ ಸುರುಳಿ ಚಿತ್ರವನ್ನು ಆ ವರ್ಷದ ರಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ತೋರಿಸಿದ್ದರು. ಭಾರತಕ್ಕೂ ಪಟ್ಟಿಗಳ ಚಿತ್ರ ಇದೆ. ನಮ್ಮ ದೇಶದಲ್ಲಿ 1901ರಿಂದ ಈಚೆಗೆ 2024ರಷ್ಟು ಬಿಸಿಯ ವರ್ಷ ದಾಖಲಾಗಿರಲಿಲ್ಲ. 1991–2020ರ ಸರಾಸರಿಗಿಂತ 0.65 ಡಿಗ್ರಿ ಜಾಸ್ತಿ. ಮಗಳಿಗೆ ಒಂದು ಮಾತು ಹೇಳಿ. ಪ್ರತಿ ಊರಿನ, ದೇಶದ ಪಟ್ಟಿಗೆ ಬಣ್ಣದ ಅಳತೆ ಬೇರೆ ಬೇರೆ. ಭಾರತದ ಕೆಂಪನ್ನೂ ಉತ್ತರ ಧ್ರುವದ ಹತ್ತಿರದ ದೇಶದ ಕೆಂಪನ್ನೂ ಪಕ್ಕಪಕ್ಕ ಇಟ್ಟು ಇಷ್ಟೇ ಡಿಗ್ರಿ ಎನ್ನಬಾರದು.

ಪಟ್ಟಿಗಳು ‘ಬಿಸಿಯಾಗುತ್ತಿದೆ’ ಎಂದು ಹೇಳುತ್ತವೆ, ಯಾಕೆ ಎಂದು ಹೇಳುವುದಿಲ್ಲ. ಅದಕ್ಕೆ ಅವಳಿಗೆ ಇನ್ನೊಂದು ಚಿತ್ರ ತೋರಿಸಿ, ಕೀಲಿಂಗ್ ರೇಖೆ. ಚಾರ್ಲ್ಸ್ ಕೀಲಿಂಗ್ 1958ರ ಮಾರ್ಚ್‌ನಲ್ಲಿ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಗಾಳಿಯಲ್ಲಿರುವ, ಶಾಖ ಹಿಡಿದಿಡುವ ಅನಿಲವಾದ ಇಂಗಾಲದ ಡೈಆಕ್ಸೈಡ್ ಅಳೆಯತೊಡಗಿದರು. ಮೊದಲ ಅಳತೆ ಹತ್ತು ಲಕ್ಷಕ್ಕೆ 313 ಭಾಗ. 2024ರ ಮೇ ತಿಂಗಳಲ್ಲಿ ಅದು 427ರ ಹತ್ತಿರ. ರೇಖೆ ಗರಗಸದ ಹಲ್ಲಿನಂತೆ ಏರಿ ಇಳಿದು ಮೇಲೆ ಹೋಗುತ್ತದೆ. ಉತ್ತರ ಗೋಳದ ಕಾಡು, ಹೊಲಗಳು ಬೇಸಿಗೆಯಲ್ಲಿ ಚಿಗುರಿ ಅನಿಲ ಹೀರಿದಾಗ ಇಳಿಯುತ್ತದೆ, ಚಳಿಗಾಲದಲ್ಲಿ ಏರುತ್ತದೆ. ಗಿಡಮರಗಳ ಉಸಿರಾಟ ಇಲ್ಲಿ ಒಂದು ಗೆರೆಯಲ್ಲಿ ಕಾಣುತ್ತದೆ. ನಾನು ಶಾಲೆಗಳಿಗೆ ಒಂದೇ ಚಿತ್ರ ಆರಿಸಬೇಕಾದರೆ ಪಟ್ಟಿಗಳನ್ನು ಬಿಟ್ಟು ಇದನ್ನೇ ಆರಿಸುತ್ತೇನೆ.

ನಿಮ್ಮ ತಂದೆಯವರ ಪುಸ್ತಕಗಳ ವಿಷಯ ಓದಿ ತುಂಬಾ ಸಂತೋಷವಾಯಿತು. ಮಲೆನಾಡು, ಕರಾವಳಿಯ ತೋಟದ ಮನೆಗಳಲ್ಲಿ ಇಂಥ ದಾಖಲೆಗಳು ಇನ್ನೂ ಇವೆ, ಗೆದ್ದಲು ಹಿಡಿಯುವ ಮುಂಚೆ ಅವನ್ನು ಉಳಿಸಿಕೊಳ್ಳಬೇಕು. ಮೊದಲು ಪ್ರತಿ ಪುಟದ ಫೋಟೋ ತೆಗೆದಿಡಿ. ಆಮೇಲೆ ಎಕ್ಸೆಲ್‌ಗೆ ಹಾಕಿ.

ಚಿತ್ರ ಖಂಡಿತ ಮಾಡಬಹುದು, ಆದರೆ ವರ್ಷಕ್ಕೊಂದು ಪಟ್ಟಿ ಬೇಡ. ಮಳೆ ಉಷ್ಣತೆಯ ಹಾಗೆ ಒಂದೇ ದಿಕ್ಕಿಗೆ ಸಾಗುವುದಿಲ್ಲ, ಪಟ್ಟಿಗಳು ಕಲಸುಮೇಲೋಗರವಾಗಿ ಕಾಣುತ್ತವೆ. ನಿಮ್ಮ ಬಳಿ ದಿನದ ಲೆಕ್ಕವೇ ಇದೆ, ಅದನ್ನು ಬಳಸಿಕೊಳ್ಳಿ. ಒಂದು ಸಾಲಿಗೆ ಒಂದು ವರ್ಷ, ಒಂದು ಕಂಬಕ್ಕೆ ಒಂದು ದಿನ, ಏಪ್ರಿಲ್ 1ರಿಂದ ನವೆಂಬರ್ 30ರ ತನಕ. ಪ್ರತಿ ಚೌಕಕ್ಕೆ ಆ ದಿನದ ಮಳೆಗೆ ತಕ್ಕ ಬಣ್ಣ ತುಂಬಿ. ಡೆನ್ಮಾರ್ಕ್‌ನ ಹವಾಮಾನ ತಜ್ಞ ಅರ್ನೆಸ್ಟ್ ಹೋವ್‌ಮೊಲರ್ 1949ರಲ್ಲಿ ಇದಕ್ಕೆ ಹತ್ತಿರದ ಒಂದು ಬಗೆಯ ಚಿತ್ರ ಬಳಕೆಗೆ ತಂದರು, ಇಂದಿಗೂ ಮುಂಗಾರು ಅಧ್ಯಯನದಲ್ಲಿ ಅದನ್ನು ಬಳಸುತ್ತಾರೆ. ನಿಮ್ಮ ಹಾಳೆಯಲ್ಲಿ ಮುಂಗಾರು ಹಿಡಿದ ದಿನ ಪ್ರತಿ ಸಾಲಿನಲ್ಲೂ ಒಂದು ಅಂಚಿನ ಹಾಗೆ ಕಾಣುತ್ತದೆ. ಅಂಚು ಹಿಂದೆ ಮುಂದೆ ಆಗಿದೆಯೇ, ಆರಿದ್ರಾ ಮಳೆಯ ದಿನಗಳು ತೆಳುವಾಗಿವೆಯೇ, ಅಕ್ಟೋಬರ್ ಗಾಢವಾಗಿದೆಯೇ ಎಂದು ಕಣ್ಣಲ್ಲೇ ಹೋಲಿಸಬಹುದು.

ಬಣ್ಣ ಒಂದೇ ಇರಲಿ, ತಿಳಿ ನೀಲಿಯಿಂದ ಗಾಢ ನೀಲಿಗೆ. ಕಾಮನಬಿಲ್ಲಿನ ಏಳು ಬಣ್ಣ ತುಂಬಿದರೆ ಇಲ್ಲದ ಗಡಿಗಳು ಕಣ್ಣಿಗೆ ಬೀಳುತ್ತವೆ. ಇಲಾಖೆಯ ಮಟ್ಟಗಳನ್ನೇ ಇಟ್ಟುಕೊಳ್ಳಿ: 64.5 ಮಿ.ಮೀ.ನಿಂದ ಭಾರಿ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಅಪ್ಪ ಊರಲ್ಲಿ ಇಲ್ಲದೆ ಅಳೆಯದ ದಿನಗಳಿಗೆ ಸೊನ್ನೆ ಹಾಕಬೇಡಿ, ಅವನ್ನು ಬೂದು ಬಣ್ಣದಲ್ಲಿ ಖಾಲಿ ಬಿಡಿ. ಮಾಪಕವನ್ನು ಅಂಗಳದ ಇನ್ನೊಂದು ಮೂಲೆಗೆ ಸರಿಸಿದ್ದರೆ, ಪಕ್ಕದ ಮರ ಬೆಳೆದು ಅದರ ಮೇಲೆ ಬಾಗಿದ್ದರೆ, ಆ ವರ್ಷವನ್ನು ಸಾಲಿನ ಪಕ್ಕದಲ್ಲಿ ಬರೆದಿಡಿ. ಇಲ್ಲವಾದರೆ ಮರದ ನೆರಳನ್ನು ಮಳೆಯ ಬದಲಾವಣೆ ಎಂದು ಓದಿಬಿಡುತ್ತೀರಿ.